ದೋಣಿಯವಳ ತಲೆಯ ಮೇಲಿನ ಹೃದಯ

ಹಾಸಿಗೆಯ ಮೇಲ್ಗಡೆ ಚಿಕ್ಕಮ್ಮ, ಕೆಳಗಡೆ ನಾನು. ನಡುವೆ ಗೇಣು ದಪ್ಪದ ಹತ್ತಿ. ಹಾಸಿಗೆಯನ್ನು ಎರಡು ಬೆಂಚುಗಳ ನಡುವೆ ಸೇತುವೆಯ ಹಾಗೆ ಇಟ್ಟಿದ್ದೆವು. ಚಿಕ್ಕಮ್ಮ ಉದ್ದ ಸೂಜಿಯನ್ನು ಮೇಲಿನಿಂದ ಚುಚ್ಚುತ್ತಿದ್ದಳು. ಅದರ ಮೊನೆ ನನ್ನ ಹಣೆಯ ಹತ್ತಿರ ಹೊರಬರುತ್ತಿತ್ತು. ನಾನು ಅದನ್ನು ಹಿಡಿದು, ಬೆರಳಗಲ ಪಕ್ಕಕ್ಕೆ ಸರಿಸಿ, ಮತ್ತೆ ಮೇಲಕ್ಕೆ ಕಳಿಸುತ್ತಿದ್ದೆ. ಮಾತಿಲ್ಲ. ದಾರವನ್ನು ಒಂದು ಸಲ ಜಗ್ಗಿದರೆ ‘ಬಂತು’ ಎಂದು. ಎರಡು ಸಲ ಜಗ್ಗಿದರೆ ‘ತಡಿ, ಗಂಟು ಹಾಕ್ತಿದ್ದೀನಿ’ ಎಂದು. ಹತ್ತು ವರ್ಷದ ಹಿಂದೆ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಈ ಹಾಸಿಗೆ ಅಂಗಡಿಗೆ ಬಂದಾಗ ಚಿಕ್ಕಮ್ಮ ನನಗೆ ಮೊದಲು ಕಲಿಸಿದ್ದು ಈ ಭಾಷೆಯನ್ನೇ. ಇದರಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ. ನನಗೆ ಅದು ಬಹಳ ಹಿಡಿಸಿತ್ತು.

ಆಗ ಮಹಡಿಯ ಮೆಟ್ಟಿಲ ಮೇಲಿಂದ ಯಾರೋ ಉರುಳಿಬಿದ್ದ ಸದ್ದಾಯಿತು. ಉರುಳಿದ್ದಲ್ಲ, ನಾವು ಈಗ ನಕಲು ಎಂದು ಕರೆಯುವ ಹುಡುಗ ಇಳಿದು ಬಂದದ್ದು. ಮಹಡಿಯ ಮೇಲೆ ಕಂಪ್ಯೂಟರ್ ಆಟ ಮಾಡುವ ಮೂವರಲ್ಲಿ ಅವನೊಬ್ಬ. ಅವನು ನಡೆಯುವುದೇ ಹಾಗೆ.

“ಚಿಕ್ಕಮ್ಮಾ! ನಿಮಗೆ ಗಂಡು ಬಂದಿದೆ!”

ಚಿಕ್ಕಮ್ಮ ತಲೆ ಎತ್ತಲಿಲ್ಲ. “ಉದ್ದ ಎಷ್ಟು, ಅಗಲ ಎಷ್ಟು ಹೇಳಪ್ಪ.”

“ಹಾಸಿಗೆಗಲ್ಲ ಚಿಕ್ಕಮ್ಮ. ಮದುವೆಗೆ! ಒಬ್ಬರಲ್ಲ, ಊರಿಗೆ ಊರೇ ಸಾಲು ನಿಂತಿದೆ!”

ನನ್ನ ಕೈಯಲ್ಲಿದ್ದ ದಾರ ಮೂರು ಸಲ ಜಗ್ಗಿತು. ಮೂರು ಜಗ್ಗಿದರೆ ಏನು ಎಂದು ನಮ್ಮ ಭಾಷೆಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ.

ಹಿಂದಿನದನ್ನು ಸ್ವಲ್ಪ ಹೇಳಬೇಕು. ಮೇಲಿನವರು ಮಾಡಿದ ಆಟದ ಹೆಸರು ‘ಒಂಬತ್ತು ಬಾಗಿಲ ಕೋಟೆ’. ಕತ್ತಿ, ಮಂತ್ರ, ಬೆಂಕಿ ಉಗುಳುವ ಪ್ರಾಣಿ, ಎಲ್ಲ ಇದೆ. ಆಡುವವರು ತಮಗೆ ಬೇಕಾದ ಹಾಗೆ ಒಬ್ಬ ಯೋಧನನ್ನೋ ಯೋಧೆಯನ್ನೋ ಮಾಡಿಕೊಂಡು ಊರೂರು ಅಲೆಯಬಹುದು. ಅಲೆಯುತ್ತಾ ಪ್ರೀತಿಯನ್ನೂ ಮಾಡಬಹುದು. ಅದಕ್ಕೆಂದು ಒಬ್ಬ ರಾಜಕುಮಾರ, ಒಬ್ಬಳು ರಾಜಕುಮಾರಿ ಇದ್ದರು. ಇಬ್ಬರದೂ ಒಂದೇ ಮೂಗು. ಕತೆ ಬರೆದು ಚಿತ್ರ ಬಿಡಿಸುವವರನ್ನು ನಾವು ಮೇಷ್ಟ್ರು ಎನ್ನುತ್ತೇವೆ, ಏನು ಹೇಳಬೇಕಾದರೂ ಬೋರ್ಡಿನ ಮೇಲೆ ಬಾಣ ಎಳೆದೇ ಹೇಳುವವರಾದ್ದರಿಂದ. ಮೂರನೆಯವಳು ಹೆಡ್‌ಫೋನ್. ಸದ್ದೆಲ್ಲ ಅವಳದು. ಅವಳ ಕತ್ತಿನಲ್ಲಿ ಸದಾ ಒಂದು ದೊಡ್ಡ ಹೆಡ್‌ಫೋನ್ ನೇತಾಡುತ್ತಿರುತ್ತದೆ. ಆಟದಲ್ಲಿ ಹಿಮದ ಮೇಲೆ ನಡೆದರೆ ಕೇಳುವ ಸದ್ದು ನಮ್ಮ ಅಂಗಡಿಯ ಹತ್ತಿಯದು. ಕತ್ತಿ ಒರೆಯಿಂದ ಹೊರಬರುವುದು ಚಿಕ್ಕಮ್ಮನ ದೊಡ್ಡ ಕತ್ತರಿ. ನಾನು ಮೆಟ್ಟಿಲು ಹತ್ತುವಾಗ ಬಾಗಿಲು ತೆರೆಯುವ ಮೊದಲೇ ಹೆಡ್‌ಫೋನ್ ಒಳಗಿನಿಂದ, “ಬಾ, ಟೀ ಇದೆ” ಎನ್ನುತ್ತಾಳೆ. ನನ್ನ ಹೆಜ್ಜೆ ಅವಳಿಗೆ ಗೊತ್ತು. ನನ್ನ ಹೆಜ್ಜೆ ನನಗೇ ಗೊತ್ತಿರಲಿಲ್ಲ.

ದನಿ ಮುದ್ರಿಸಲು ಅವರಿಗೆ ಸದ್ದಿಲ್ಲದ ಜಾಗ ಬೇಕಿತ್ತು. ಚಿಕ್ಕಮ್ಮ ಮಾರಾಟವಾಗದ ಐದು ಹಾಸಿಗೆ ಕೊಟ್ಟಳು. ನಾಲ್ಕನ್ನು ಗೋಡೆಯ ಹಾಗೆ ನಿಲ್ಲಿಸಿ, ಒಂದನ್ನು ಸೂರು ಮಾಡಿದೆವು. ಹೊತ್ತುಕೊಂಡು ಹೋದವಳು ನಾನು. ಅವತ್ತು ಆಟದಲ್ಲಿ ಯೋಧರನ್ನು ನದಿ ದಾಟಿಸುವ ದೋಣಿಯವಳ ದನಿಗೆಂದು ಗೊತ್ತು ಮಾಡಿದ್ದವರು ಬರಲಿಲ್ಲ. “ಮೂರೇ ಮಾತು. ನೀನೇ ಹೇಳಿಬಿಡಮ್ಮ” ಎಂದರು ಮೇಷ್ಟ್ರು. ನಾಲ್ಕು ಜನರೆದುರು ನನ್ನ ಹೆಸರು ಹೇಳಲೂ ನಾಲಿಗೆ ಏಳದವಳು ನಾನು. ಆದರೆ ಹಾಸಿಗೆಯೊಳಗೆ ಯಾರೂ ಇರಲಿಲ್ಲ. ಕತ್ತಲು, ಹತ್ತಿಯ ವಾಸನೆ, ಒಂದು ಮೈಕು, ಅಷ್ಟೇ. ಹೊರಗಿನಿಂದ ಹೆಡ್‌ಫೋನ್ ‘ಹೂಂ, ಶುರು’ ಎಂದರೆ ಅದೂ ಮೈಕಿಗೆ ಬೀಳುತ್ತಿತ್ತು. ಹಾಗಾಗಿ ಸಂದಿಯಲ್ಲಿ ಒಂದು ದಾರ ತೂರಿಸಿಕೊಟ್ಟೆ. ಒಂದು ಜಗ್ಗಿದರೆ ಶುರು, ಎರಡು ಜಗ್ಗಿದರೆ ನಿಲ್ಲಿಸು.

ದಾರ ಒಂದು ಸಲ ಜಗ್ಗಿತು. “ಬನ್ನಿ, ಕೂತ್ಕೊಳ್ಳಿ” ಎಂದೆ. “ನೀರು ನೋಡಬೇಡಿ, ದಡ ನೋಡಿ” ಎಂದೆ. ಮೂರನೆಯದು ದಡ ಮುಟ್ಟಿದ ಮೇಲೆ ಹೇಳುವುದು. “ಮತ್ತೆ ಬರ್ತೀರಾ?” ಮೇಷ್ಟ್ರು ಅದನ್ನು ಅಂಗಡಿಯವರು ಗಿರಾಕಿಗೆ ಕೇಳುವ ಹಾಗೆ ಬರೆದಿದ್ದರು. ನಾನು ಹಾಗೆ ಕೇಳಲಿಲ್ಲ. ದಾರದ ಆ ತುದಿಯಲ್ಲಿ ಯಾರಿದ್ದಾರೆ ಎಂದು ನನಗೆ ಗೊತ್ತಿತ್ತಲ್ಲ.

ದೋಣಿಯವಳ ದನಿ ನನ್ನದಾದರೆ ಮೈಕಟ್ಟು ಚಿಕ್ಕಮ್ಮನದು. ಮೇಷ್ಟ್ರು ಅವಳನ್ನು ಕೇಳದೆ ನೋಡಿ ಬಿಡಿಸಿದ್ದು. ಹತ್ತಿ ಬಡಿದು ಬಡಿದು ದಪ್ಪಗಾದ ತೋಳು, ಅಗಲ ಭುಜ, ಮುಡಿಯಲ್ಲಿ ಚುಚ್ಚಿದ ಸೂಜಿ. ಅಂಥವಳನ್ನು ಮದುವೆಯಾಗಲು ಊರಿಗೆ ಊರೇ ನಿಂತಿದೆ ಎಂದು ನಕಲು ಹೇಳಿದ ಮೇಲೆ ಚಿಕ್ಕಮ್ಮ ಸೂಜಿಯನ್ನು ಹಾಸಿಗೆಗೇ ಚುಚ್ಚಿ, ಸೆರಗಿನಿಂದ ಹತ್ತಿಯನ್ನು ಕೊಡವಿ, “ಬಾ ಪುಟ್ಟಿ, ಗಂಡು ನೋಡ್ಕೊಂಡು ಬರೋಣ” ಎಂದು ಮೆಟ್ಟಿಲು ಹತ್ತಿದಳು.

ಮೇಲೆ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಹೆಡ್‌ಫೋನ್ ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿದ್ದಳು. ಅವಳ ಭುಜ ಕುಣಿಯುತ್ತಿತ್ತು.

“ಏನ್ರೀ ಮೇಷ್ಟ್ರೇ, ನನ್ನನ್ನ ಕೇಳದೆ ಸಂಬಂಧ ಕುದುರಿಸಿದ್ರಂತೆ?”

“ನಾನಲ್ಲ ಚಿಕ್ಕಮ್ಮ, ಎಲ್ಲ ಇವನಿಂದ” ಎಂದು ಅವರು ನಕಲುವಿನ ಕಡೆ ಬೆರಳು ಮಾಡಿದರು. ಆ ಹೆಸರು ಅವನಿಗೆ ಅಂಟಿದ್ದು ಅವತ್ತೇ. ಆಗಿದ್ದು ಇಷ್ಟು: ರಾಜಕುಮಾರಿಯನ್ನು ಮಾಡಿ ಮುಗಿಸಿದ ಮೇಲೆ ದೋಣಿಯವಳನ್ನು ಮೊದಲಿನಿಂದ ಮಾಡುವ ಸೋಮಾರಿತನಕ್ಕೆ ಅವನು ರಾಜಕುಮಾರಿಯನ್ನೇ ನಕಲು ಮಾಡಿ, ಕಿರೀಟ ಕಿತ್ತು, ಮೇಷ್ಟ್ರು ಬಿಡಿಸಿದ ಮೈ ತೊಡಿಸಿ, ಕೈಗೆ ಹುಟ್ಟು ಕೊಟ್ಟಿದ್ದ. ಕಿರೀಟ ತೆಗೆಯುವುದು ನೆನಪಿತ್ತು. ತಲೆಯ ಮೇಲೆ ಮೂಡುವ ಹೃದಯ ತೆಗೆಯುವುದು ಮರೆತಿತ್ತು. ರಾಜಕುಮಾರಿಗೆ ಮನಸ್ಸು ಕರಗಿದಾಗಲೆಲ್ಲ ಒಂದು ಪುಟ್ಟ ಕೆಂಪು ಹೃದಯ ಮೂಡಿ ಮಾಯವಾಗುತ್ತದೆ. ಈಗ ಯಾರಾದರೂ ನದಿ ದಾಟಿ, ದೋಣಿಯವಳು “ಮತ್ತೆ ಬರ್ತೀರಾ?” ಎಂದಾಗಲೆಲ್ಲ ಅವಳ ತಲೆಯ ಮೇಲೂ ಮೂಡುತ್ತಿತ್ತು. ಮುಂದೆ ಏನೂ ಇರಲಿಲ್ಲ. ಬರೀ ಹೃದಯ, ಆಮೇಲೆ ನದಿ.

ಆಡುವವರು ಇಷ್ಟಕ್ಕೆ ಬಿಡುತ್ತಾರೆಯೇ? ಇಲ್ಲಿ ಏನೋ ಗುಟ್ಟಿದೆ ಎಂದುಕೊಂಡರು. ಕೋಟೆ, ಯುದ್ಧ, ರಾಜ್ಯ ಎಲ್ಲ ಹಾಳಾಗಿ ಹೋಗಲಿ ಎಂದು ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಓಡಾಡತೊಡಗಿದರು. ಆಮೇಲೆ ಮೇಷ್ಟ್ರಿಗೆ ಬರೆಯತೊಡಗಿದರು. ನಕಲು ಪರದೆ ನೋಡಿ ಓದಿದ.

“‘ದೋಣಿಯವಳಿಗೆ ಮಾಣಿಕ್ಯ ಕೊಟ್ಟೆ, ತೋಳದ ಚರ್ಮ ಕೊಟ್ಟೆ, ಬೆಂಕಿ ಉಗುಳೋ ಪ್ರಾಣಿಯ ಮೊಟ್ಟೇನೂ ಕೊಟ್ಟೆ. ಬನ್ನಿ ಕೂತ್ಕೊಳ್ಳಿ ಅಂತಾಳೆ ಅಷ್ಟೇ. ಇಂಥ ಹೆಂಗಸನ್ನ ಹೇಗೆ ಒಲಿಸೋದು?’”

“ಒಳ್ಳೇದಾಯ್ತು” ಎಂದಳು ಚಿಕ್ಕಮ್ಮ. “ಮೊಟ್ಟೆ ಕಂಡ ತಕ್ಷಣ ಹಲ್ಲು ಕಿರಿಯೋಳಲ್ಲ ನಾನು. ಮುಂದೆ ಓದು.”

“‘ರಾಜಕುಮಾರನಿಗೆ ಮೂರು ಸೇಬು ಕೊಟ್ಟರೆ ಮದುವೆಗೆ ಒಪ್ತಾನೆ. ನನ್ನ ಕುದುರೆ ಕೂಡ ಅಷ್ಟು ಬೇಗ ಒಪ್ಪಲ್ಲ.’”

ಮೇಷ್ಟ್ರು ಮುಖ ಮುಚ್ಚಿಕೊಂಡರು. ರಾಜಕುಮಾರನ ಮೇಲೆ ಅವರು ಒಂದು ವರ್ಷ ಕೆಲಸ ಮಾಡಿದ್ದರು.

“‘ಈ ದಪ್ಪ ದೋಣಿಯವಳನ್ನ ಯಾರು ಪ್ರೀತಿಸ್ತಾರೆ?’”

“ಅವನ ಹಾಸಿಗೆ ನಾನು ಹೊಲಿಯಲ್ಲ” ಎಂದಳು ಚಿಕ್ಕಮ್ಮ. “ನೆಲದ ಮೇಲೆ ಮಲಗಲಿ. ಮುಂದೆ.”

“‘ನನ್ನ ತೋಳೂ ಇಷ್ಟೇ ದಪ್ಪ. ಇಂಥ ತೋಳಿನವಳ ತಲೆ ಮೇಲೆ ಹೃದಯ ಮೂಡಿದ್ದನ್ನ ನಾನು ಇದೇ ಮೊದಲು ನೋಡಿದ್ದು. ಇದು ನಿಮ್ಮ ತಪ್ಪಿನಿಂದ ಆಗಿದ್ರೆ ದಯವಿಟ್ಟು ಸರಿ ಮಾಡಬೇಡಿ.’”

ಚಿಕ್ಕಮ್ಮ ತನ್ನ ತೋಳನ್ನು ಒಮ್ಮೆ ನೋಡಿಕೊಂಡಳು. ಚಿಕ್ಕಪ್ಪ ಹೋದ ಮೇಲೆ ಅವಳು ಅದನ್ನು ಹಾಗೆ ನೋಡಿಕೊಂಡದ್ದನ್ನು ನಾನು ಕಂಡಿರಲಿಲ್ಲ. “ಅವಳ ಮನೆ ಎಲ್ಲಿ ಕೇಳ್ರೋ” ಎಂದಳು, “ಒಂದು ತಲೆದಿಂಬು ಕಳಿಸೋಣ.”

“ಇನ್ನೊಂದು” ಎಂದ ನಕಲು. “‘ನನ್ನ ಯೋಧೆ ಹೆಣ್ಣು. ನಾನೂ ಎಲ್ಲರಷ್ಟೇ ನದಿ ದಾಟಿದ್ದೀನಿ. ನನಗೆ ಮಾತ್ರ ಹೃದಯ ಬರಲ್ಲ. ನಾನೇನು ತಪ್ಪು ಮಾಡಿದೆ?’”

ಅದನ್ನು ಬರೆದವಳು ನಾನಲ್ಲ. ಆದರೆ ನನ್ನ ಬಾಯಿಂದ ಕಿತ್ತುಕೊಂಡ ಹಾಗಿತ್ತು. ಊಟದ ಬಿಡುವಿನಲ್ಲಿ ಮೇಲಿನ ಹಳೆಯ ಕಂಪ್ಯೂಟರಿನಲ್ಲಿ ನಾನೂ ಆಡುತ್ತೇನೆ. ನನ್ನ ಯೋಧೆ ಕುಳ್ಳಿ, ಗುರಾಣಿಯ ಹಿಂದೆ ಪೂರ್ತಿ ಮರೆಯಾಗುತ್ತಾಳೆ. ಅವಳು ಯುದ್ಧಕ್ಕೆ ಹೋಗಿದ್ದು ಕಡಿಮೆ, ದೋಣಿಯಲ್ಲಿ ಕುಳಿತಿದ್ದೇ ಹೆಚ್ಚು. ಆ ನೀರಿನ ಸದ್ದು ಹೆಡ್‌ಫೋನ್ ಬಕೆಟ್ಟಿನಲ್ಲಿ ಕೈಯಾಡಿಸಿ ಮಾಡಿದ್ದು. ಅದನ್ನು ಕೇಳಲು ಹೋಗುತ್ತಿದ್ದೆ. ದೋಣಿಯವಳಿಗೆ ಹೃದಯ ಮೂಡುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ನನ್ನದೇ ದನಿ “ಮತ್ತೆ ಬರ್ತೀರಾ?” ಎನ್ನುತ್ತಿತ್ತು, ನನ್ನ ಯೋಧೆ ಇಳಿಯುತ್ತಿದ್ದಳು, ಅಷ್ಟೇ.

“ಅದು ಯಾಕೆ ಬರಲ್ಲ?” ಎಂದು ಕೇಳಿದವಳು ಹೆಡ್‌ಫೋನ್. ಈಗ ಅವಳು ನಗುತ್ತಿರಲಿಲ್ಲ.

“ರಾಜಕುಮಾರಿಗೆ ‘ಗಂಡು ಯೋಧರಿಗೆ ಮಾತ್ರ’ ಅಂತ ಒಂದು ಟಿಕ್ ಹಾಕಿದ್ವಲ್ಲ” ಎಂದು ನಕಲು ತಲೆ ಕೆರೆದುಕೊಂಡ. “ಅದೂ ನಕಲಾಗಿದೆ.”

ಅಂದರೆ ನನ್ನ ದನಿ ಯಾರನ್ನು ನೋಡಿ ಕರಗಬೇಕು, ಯಾರನ್ನು ನೋಡಿ ಕರಗಬಾರದು ಎನ್ನುವುದು ಒಂದು ಪುಟ್ಟ ಚೌಕದೊಳಗೆ ತೀರ್ಮಾನವಾಗಿ ಕೂತಿತ್ತು. ಅದೂ ಯಾರೂ ತೀರ್ಮಾನ ಮಾಡದೆ.

ಮೇಷ್ಟ್ರು ಎದ್ದು ಬೋರ್ಡಿನ ಹತ್ತಿರ ಹೋದರು. ಅವರು ಬಾಣ ಎಳೆಯತೊಡಗಿದರೆಂದರೆ ಸಂಕಟ ಮುಗಿದು ಉತ್ಸಾಹ ಶುರುವಾಯಿತು ಎಂದೇ ಅರ್ಥ. “ಸರಿ. ಜನ ಕೇಳ್ತಿದ್ದಾರೆ, ಕೊಡೋಣ. ದೋಣಿಯವಳಿಗೂ ಪ್ರೇಮ! ಮೊದಲು ಉಡುಗೊರೆ, ಆಮೇಲೆ ಗುಟ್ಟು, ಆಮೇಲೆ ಗಂಡಾಂತರ, ಕೊನೇಲಿ ಕೈ ಹಿಡಿಯೋದು. ಈ ವಾರವೇ ಮುಗಿಸೋಣ. ಟಿಕ್ ಹಾಗೇ ಇರಲಿ. ಹೆಣ್ಣು ಯೋಧರಿಗೆ ರಾಜಕುಮಾರ ಇದ್ದಾನಲ್ಲ.”

“ಯಾಕೆ ಹಾಗೇ ಇರಲಿ?” ಎಂದಳು ಹೆಡ್‌ಫೋನ್.

“ರಾಜಕುಮಾರಿಯ ಕೈ ಹಿಡಿಯೋ ದೃಶ್ಯಾನೇ ಇಲ್ಲೂ ಬಳಸೋದು, ಅದು ಗಂಡು ಯೋಧನ ಎತ್ತರಕ್ಕೆ ಮಾಡಿರೋದು ಕಣಮ್ಮ. ಎಲ್ಲರಿಗೂ ಅಂದ್ರೆ ಮತ್ತೆ ಮಾಡಬೇಕು. ಮೂರೇ ಜನ ಇದ್ದೀವಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.”

“ಹಾಸಿಗೆ ಹೊಲಿಯೋಳು ಎದುರಿಗೇ ನಿಂತಿದ್ದೀನಲ್ಲ” ಎಂದಳು ಚಿಕ್ಕಮ್ಮ. “ಉದ್ದ ಮಾಡ್ಕೊಡ್ತೀನಿ, ಕಾಲು ಚಾಚ್ರಿ.”

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು, ಆದರೆ ಬೋರ್ಡಿನ ಮೇಲೆ ಬಾಣ ಹಾಗೆಯೇ ಇತ್ತು. ಹೆಡ್‌ಫೋನ್ ಕತ್ತಿನಲ್ಲಿದ್ದುದನ್ನು ಎತ್ತಿ ಕಿವಿಗೆ ಹಾಕಿಕೊಂಡಳು. ಅದರ ವೈರು ಯಾವುದಕ್ಕೂ ಸಿಕ್ಕಿಸಿರಲಿಲ್ಲ. ಕೇಳಲು ಇಷ್ಟವಿಲ್ಲದ್ದು ಕಿವಿಗೆ ಬಿದ್ದಾಗ ಅವಳು ಹಾಗೆ ಮಾಡುತ್ತಾಳೆ. ನಾನು ಬಾಗಿಲ ಪಕ್ಕದಲ್ಲಿ ನಿಂತು ಅದನ್ನೆಲ್ಲ ನೋಡಿದೆ. ಏನಾದರೂ ಹೇಳಬೇಕು ಎನ್ನಿಸಿತು. ಬಾಯಿಯಲ್ಲಿ ಹತ್ತಿ ತುಂಬಿದ ಹಾಗಿತ್ತು.

“ಪುಟ್ಟಿ, ಈಗಲೇ ಒಂದೆರಡು ಮಾತು ಮುದ್ರಿಸಿ ನೋಡೋಣ” ಎಂದರು ಮೇಷ್ಟ್ರು. ಬರೆಯಲು ಕುಳಿತರೆ ಅವರ ಕೈ ಕುದುರೆ. ಅಷ್ಟರಲ್ಲೇ ಅರ್ಧ ಹಾಳೆ ತುಂಬಿಸಿ ಕೊಟ್ಟರು. “ಸ್ಪೀಕರು ಹಾಕಮ್ಮ, ಎಲ್ಲರೂ ಕೇಳೋಣ. ಚಿಕ್ಕಮ್ಮ, ನೀವು ಕುರ್ಚಿ ತಗೊಳ್ಳಿ.”

ನಾನು ಟಾರ್ಚು ಹಿಡಿದು ಹಾಸಿಗೆಯೊಳಗೆ ನುಸುಳಿದೆ. ಸೂರಿನ ಹಾಸಿಗೆ ಮುಚ್ಚಿಕೊಂಡಿತು. ದಾರ ಕೈಗೆ ಸುತ್ತಿಕೊಂಡೆ. ಅದು ಒಂದು ಸಲ ಜಗ್ಗಿತು.

“ಓ ವೀರನೇ, ನನ್ನೆದೆಯ ಸಾಮ್ರಾಜ್ಯಕ್ಕೆ ನೀನೇ…” ಅಷ್ಟಕ್ಕೇ ನನಗೆ ನಗು ಬಂತು. ಹೊರಗೆ ಚಿಕ್ಕಮ್ಮ, “ಅಯ್ಯೋ, ಇದನ್ನ ನಾನು ಹೇಳಿದ್ರೆ ದೋಣಿ ಮಗುಚಿಕೊಳ್ಳುತ್ತೆ!” ಎಂದದ್ದು ಹತ್ತಿಯನ್ನೂ ತೂರಿ ಬಂತು. ದಾರ ಎರಡು ಸಲ ಜಗ್ಗಿತು. ನಿಲ್ಲಿಸಿದೆ. ಮತ್ತೆ ಒಂದು. “ಓ ವೀರನೇ…” ಮತ್ತೆ ನಗು. ಈ ಸಲ ದಾರ ಜಗ್ಗಲಿಲ್ಲ, ನಡುಗಿತು. ಆ ತುದಿಯವಳೂ ನಗುತ್ತಿದ್ದಳು. ಬಾಯಿ ಮುಚ್ಚಿಕೊಂಡು ನಗುವವಳ ನಗು ದಾರದಲ್ಲಿ ನನ್ನ ಬೆರಳಿಗೆ ಬಂದು ಮುಟ್ಟುತ್ತಿತ್ತು. ತಲೆ ಸುತ್ತಿದ ಹಾಗಾಯಿತು. ಎತ್ತರದ ಜೋಕಾಲಿಯಲ್ಲಿ ಕೂತು ಒಮ್ಮೆಗೇ ಮೇಲೆ ಹೋದ ಹಾಗೆ.

ಮೂರನೇ ಸಲ ದಾರ ಜಗ್ಗಿದಾಗ ಹಾಳೆಯನ್ನು ತೊಡೆಯ ಮೇಲೆ ಮಗುಚಿಟ್ಟೆ. ಟಾರ್ಚು ಆರಿಸಿದೆ.

“ಮೇಷ್ಟ್ರೇ” ಎಂದೆ.

ನನ್ನ ದನಿ ಹೊರಗಿನ ಸ್ಪೀಕರಿನಲ್ಲಿ ದೊಡ್ಡದಾಗಿ ಮೊಳಗಿದ್ದು ನನಗೇ ಕೇಳಿಸಿತು. ಇಷ್ಟು ದೊಡ್ಡದಾಗಿ ನಾನು ಯಾವತ್ತೂ ಯಾರನ್ನೂ ಕರೆದಿರಲಿಲ್ಲ.

“ದೋಣಿಯವಳು ಹೆಣ್ಣು ಯೋಧರಿಗೂ ಒಲೀಬಹುದು ಅಂತಾದ್ರೆ ಈ ಮಾತು ಹೇಳ್ತೀನಿ. ಇಲ್ಲಾಂದ್ರೆ ಹೇಳಲ್ಲ. ಬೇಜಾರು ಮಾಡ್ಕೋಬೇಡಿ. ನಾನು ಆಡುವಾಗ ನನ್ನದೂ ಹೆಣ್ಣೇ. ನನಗೂ ಆ ಹೃದಯ ಬೇಕು.”

ಹೊರಗೆ ಒಂದು ಕುರ್ಚಿ ಕಿರುಗುಟ್ಟಿತು. ಹಾಸಿಗೆಯೊಳಗೇ ಬದುಕು ಕಳೆದುಬಿಡೋಣ, ಊಟ ಸಂದಿಯಲ್ಲಿ ತೂರಿಸುತ್ತಾರೆ ಎಂದು ಯೋಚಿಸುವಷ್ಟರಲ್ಲಿ ಚಿಕ್ಕಮ್ಮನ ದನಿ ಕೇಳಿಸಿತು.

“ಮೇಷ್ಟ್ರೇ, ನಮ್ಮ ಹುಡುಗಿ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಇವತ್ತೇ. ಮುಖ ನನ್ನದು, ದನಿ ಅವಳದು. ದೋಣಿಗೆ ಯಾರು ಬರಬೇಕು ಅಂತ ನೀವೊಬ್ಬರೇ ಹೇಳಿದ್ರೆ ಹೇಗೆ?”

“ಅಲ್ಲ ಚಿಕ್ಕಮ್ಮ, ಎತ್ತರ…”

“ಮೇಷ್ಟ್ರೇ, ದೋಣೀಲಿ ಯಾರು ನಿಂತ್ಕೋತಾರೆ?” ಎಂದ ನಕಲು. “ಎಲ್ಲರೂ ಕೂತೇ ಇರ್ತಾರೆ. ಕೈ ಹಿಡಿಯೋ ದೃಶ್ಯ ದೋಣಿಯೊಳಗೇ ಇಟ್ರೆ ಎತ್ತರದ ಗೊಡವೆ ಇಲ್ಲ. ಟಿಕ್ ತೆಗೀಲಾ?”

ಮೇಷ್ಟ್ರು ಬೋರ್ಡು ಒರೆಸುವ ಸದ್ದು ಕೇಳಿಸಿತು. “ತೆಗಿಯೋ. ಇವತ್ತು ಈ ಹಾಸಿಗೆ ಅಂಗಡಿಯವರು ನನ್ನ ಕೋಟೆ ಗೆದ್ದರು!” ಎಂದು ಅವರು ಜೋರಾಗಿ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ಮೌಸ್ ಒಂದು ಸಲ ಟಿಕ್ ಎಂದಿತು. ಅದಾದ ಮೇಲೆ ನಕಲು ತನ್ನದೊಂದು ಹೆಣ್ಣು ಯೋಧೆಯನ್ನು ದೋಣಿ ಹತ್ತಿಸಿರಬೇಕು, ಬಕೆಟ್ಟಿನ ನೀರಿನ ಸದ್ದು ಬಂತು, ನನ್ನ ಹಳೆಯ ದನಿ “ಮತ್ತೆ ಬರ್ತೀರಾ?” ಎಂದಿತು, ಮತ್ತು ಚಿಕ್ಕಮ್ಮ ಕೂಗಿದಳು:

“ಬಂತು! ಪುಟ್ಟೀ, ಬಂತು ಕಣೇ! ನನ್ನ ತಲೆ ಮೇಲೆ ಕೆಂಪಗೆ!”

ನಾನು ಕತ್ತಲಲ್ಲಿ ಮೊಣಕಾಲಿಗೆ ಮುಖ ಒತ್ತಿಕೊಂಡು ನಕ್ಕೆ. ಮೈಕಿನಲ್ಲಿ ಅದೂ ಹೋಗಿರುತ್ತದೆ. ಹೋಗಲಿ.

“ಆದ್ರೆ ಆ ‘ಓ ವೀರನೇ’ ಬೇಡ” ಎಂದು ಚಿಕ್ಕಮ್ಮ ಮೇಷ್ಟ್ರಿಗೆ ಹೇಳುತ್ತಿದ್ದಳು. “ಇಷ್ಟ ಆದವರ ಹತ್ರ ಯಾರೂ ಹಾಗೆ ಮಾತಾಡಲ್ಲ. ನಿಮ್ಮ ಚಿಕ್ಕಪ್ಪ ನನಗೆ ಮೊದಲು ಹೇಳಿದ್ದೇನು ಗೊತ್ತಾ? ‘ಸೂಜಿ ಸ್ವಲ್ಪ ಕೊಡ್ತೀರಾ’ ಅಂತ. ಅವರ ಹತ್ರ ಸೂಜಿ ಇತ್ತು.”

“ಪುಟ್ಟಿ” ಎಂದು ಮೇಷ್ಟ್ರು ಹಾಸಿಗೆಯ ಹತ್ತಿರ ಬಂದು ಕೂಗಿದರು, “ಹಾಳೆ ಬಿಸಾಕು. ನಿನಗೆ ತೋಚಿದ್ದು ಹೇಳು. ಏನಾದ್ರೂ ಸಣ್ಣದು ಕೇಳು ಅವರನ್ನ. ನಾವು ಕೆಳಗೆ ಹೋಗಿ ಚಿಕ್ಕಮ್ಮನಿಗೆ ಗಂಡು ಬಂದ ಖುಷಿಗೆ ಟೀ ಕುಡೀತೀವಿ. ನೀವಿಬ್ಬರೂ ಮುಗಿಸಿ ಬನ್ನಿ.”

ಮೂರು ಜೊತೆ ಹೆಜ್ಜೆ ಮೆಟ್ಟಿಲು ಇಳಿದವು. ನಕಲುವಿನದು ಎಂದಿನಂತೆ ಉರುಳಿತು. ಬಾಗಿಲು ಮುಚ್ಚಿತು. ಸ್ಪೀಕರು ಆರಿಸಿದ ಸದ್ದು ಬಂತು. ಈಗ ನನ್ನ ಮಾತು ಹೋಗುವುದು ಎರಡೇ ಕಿವಿಗೆ.

ದಾರವನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡೆ. ಅದು ಒಂದು ಸಲ, ಬಹಳ ಮೆತ್ತಗೆ, ಜಗ್ಗಿತು.

ಏನೂ ತೋಚಲಿಲ್ಲ. ದೋಣಿಯವಳು ಏನು ಕೇಳುತ್ತಾಳೆ ಎಂದು ಯೋಚಿಸಿದೆ. ನದಿ, ದಡ, ಹುಟ್ಟು, ಯಾವುದೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ. ಆಟದಲ್ಲಿ ಅದನ್ನು ಎಲ್ಲೂ ಹಾಕಲಾಗದು ಎಂದು ಹೇಳುತ್ತಿರುವಾಗಲೇ ನನಗೆ ಗೊತ್ತಿತ್ತು.

“ಹೆಡ್‌ಫೋನ್, ಇವತ್ತು ಕೆಲಸ ಮುಗಿದ ಮೇಲೆ ಸೇತುವೆ ತನಕ ನನ್ನ ಜೊತೆ ನಡ್ಕೊಂಡು ಬರ್ತೀಯಾ?”

ದಾರ ಬಿಗಿಯಾಗಿಯೇ ಇತ್ತು, ಆ ತುದಿಯನ್ನು ಅವಳು ಬಿಟ್ಟಿರಲಿಲ್ಲ. ಒಂದು ಸಲವೂ ಜಗ್ಗಲಿಲ್ಲ, ಎರಡು ಸಲವೂ ಜಗ್ಗಲಿಲ್ಲ.

ಈ ಸಲ ಪ್ರಶ್ನೆ ಕೇಳಲಿಲ್ಲ. “ಬಾ” ಎಂದೆ.